ಐವತ್ತೆರಡು ಸೊನ್ನೆ

ಮಂಗಳವಾರ, ಬೆಳಗ್ಗೆ ಏಳೂಕಾಲು. ಬಾಕ್ಸ್ ಹಿಲ್‌ನಲ್ಲಿ ಜುಲೈ ಚಳಿ,
ಮೈದಾನದ ಹುಲ್ಲು ಬೆಳ್ಳಗೆ ಗಟ್ಟಿಯಾಗಿ ಕಾಲಡಿ ಕರಕರ.
ಸಂಗೀತದ ಶೆಡ್ಡಿನ ಹೀಟರ್ ಕೆಮ್ಮುತ್ತದೆ, ಬಿಸಿಯಾಗುವುದಿಲ್ಲ.
ಎಲ್ಲರಿಗಿಂತ ಮೊದಲೇ ಬಂದಿದ್ದಾಳೆ ಹುಯಿಲಿನ್,
ಯಾಂಗ್‌ಚಿನ್ನಿನ ನೂರ ನಲವತ್ತನಾಲ್ಕು ತಂತಿಗಳನ್ನು
ಒಂದೊಂದಾಗಿ ಕಿವಿ ಹಿಂಡಿ ಎಬ್ಬಿಸುತ್ತಾ.
ಕೊನೆಯದು ಏಳುವಷ್ಟರಲ್ಲಿ ಮೊದಲನೆಯದಕ್ಕೆ ಮತ್ತೆ ನಿದ್ದೆ.

ಡಿಮಿತ್ರಿ ಬೆಳ್ಳುಳ್ಳಿ ಸುಲಿಯುತ್ತಾನೆ.
ಕೊಳಲಿನ ತೂತಿಗೆ ಅಂಟಿಸುವ ಪೊರೆ
ಈರುಳ್ಳಿ ಸಿಪ್ಪೆಗಿಂತ ತೆಳು,
ಅದಕ್ಕೆ ಈ ರಸವೇ ಗೋಂದು.
ಮೊದಲ ಪೀರಿಯಡ್ಡಿನ ಗಣಿತದಲ್ಲೂ ಅವನ ಬೆರಳಿಗೆ
ಒಗ್ಗರಣೆಯ ವಾಸನೆ; ಪಕ್ಕದಲ್ಲಿ ಕೂತ ನನಗೆ
ಲೆಕ್ಕ ಮರೆತು ಹಸಿವು.

ನಾನು ಬೇಡಿದ್ದು ಎರ್ಹು. ಹೆಬ್ಬಾವಿನ ಚರ್ಮದ ಆ ಪುಟ್ಟ ಹೊಟ್ಟೆಗೆ
ಹನ್ನೊಂದು ಮಂದಿ ಸಾಲಿನಲ್ಲಿ ಮುಂದಿದ್ದರು.
ಸಿಕ್ಕಿದ್ದು ಚಿಕ್ಕ ಜಾಗಟೆ.
"ನಿನಗೆ ತಾಳ ಗೊತ್ತಿರುತ್ತಲ್ಲ," ಅಂದರು ಔಯಾಂಗ್ ಮಿಸ್,
ನನ್ನ ಹೆಸರು ನೋಡಿ, ಮುಖ ನೋಡಿ.
ನನಗೆ ಗೊತ್ತಿದ್ದ ತಾಳ ಒಂದೇ:
ಅಮ್ಮ ಕಾವಲಿಗೆ ಸಟ್ಟುಗದಿಂದ ಬಡಿದು
"ಏಳೇ, ಟ್ರ್ಯಾಮ್ ತಪ್ಪುತ್ತೆ" ಅನ್ನುವುದು.
ಹೇಳಲಿಲ್ಲ.

ನಮ್ಮ ಹಾಳೆಯ ತುಂಬ ಅಂಕಿಗಳು.
ಒಂದು ಅಂದರೆ ಸ, ಐದು ಅಂದರೆ ಪ,
ತಲೆಯ ಮೇಲೆ ಚುಕ್ಕಿ ಇದ್ದರೆ ಮೇಲಿನ ಮನೆ, ಕಾಲಡಿ ಇದ್ದರೆ ಕೆಳಗಿನದು.
ಇಷ್ಟನ್ನು ಅಜ್ಜಿಯ ಹಾರ್ಮೋನಿಯಂ ಪುಸ್ತಕದಲ್ಲೇ ಕಂಡಿದ್ದೆ.
ಸೊನ್ನೆ ಅಂದರೆ ಸುಮ್ಮನಿರು.
ನನ್ನ ಪಾಲಿಗೆ ಐವತ್ತೆರಡು ಆವರ್ತ ಸೊನ್ನೆ, ಆಮೇಲೆ ಒಂದು ಏಟು.
ಪರೀಕ್ಷೆಯಲ್ಲೂ ಇಷ್ಟು ಸೊನ್ನೆ ಸಂಪಾದಿಸಿರಲಿಲ್ಲ.

ಮಿಸ್ ಎಣಿಸುವುದು ಮ್ಯಾಂಡರಿನ್ನಿನಲ್ಲಿ,
ಹುಯಿಲಿನ್ ತುಟಿ ಅಲ್ಲಾಡಿಸದೆ ಕ್ಯಾಂಟನೀಸಿನಲ್ಲಿ,
ಡಿಮಿತ್ರಿ ಇಂಗ್ಲಿಷಿನಲ್ಲಿ, ಗಾಬರಿಯಾದರೆ ಗ್ರೀಕಿನಲ್ಲಿ.
ನಾನೂ ಇಂಗ್ಲಿಷಿನಲ್ಲೇ ಶುರುಮಾಡಿದೆ;
ಮೂವತ್ತರ ಹತ್ತಿರ ಕಿಟಕಿಯಾಚೆ ಮ್ಯಾಗ್ಪೈ ಕೂಗಿತು, ತಪ್ಪಿದೆ.
ಕನ್ನಡದಲ್ಲಿ ತಪ್ಪಲಿಲ್ಲ. ಯಾಕೋ.
ಇಪ್ಪತ್ತೊಂಬತ್ತರ ಉದ್ದ ಬಾಲ ಹಿಡಿದರೆ
ಮೂವತ್ತಕ್ಕೆ ದಾಟುವುದು ಸಲೀಸು ಇರಬೇಕು.
ಮನೆಯಲ್ಲಿ ಏನು ಕೇಳಿದರೂ "ಓಕೆ" ಅನ್ನುವವಳು
ಇಲ್ಲಿ, ಚೀನೀ ರಾಗದ ನಟ್ಟನಡುವೆ,
ಪಿಸುಪಿಸು ಕನ್ನಡದಲ್ಲಿ ಕಾಯುತ್ತೇನೆ.

ದೊಡ್ಡ ಜಾಗಟೆ ಕ್ಯಾಲಮ್‌ನದು,
ಫುಟಿ ಆಡಿ ಮಂಡಿ ಮುರಿದುಕೊಂಡು ಇಲ್ಲಿಗೆ ಬಂದವನು.
ಅದನ್ನು ಹೊಡೆದರೆ ದನಿ ಮೆಲ್ಲಗೆ ಇಳಿಯುತ್ತದೆ,
ಭಾರದ ಚೀಲ ಇಳಿಸಿ ಉಸ್ಸೆಂದ ಹಾಗೆ.
ನನ್ನದು ಹೊಡೆದ ಮೇಲೆ ಏರುತ್ತದೆ:
ಹೌದಾ?
"ಬಾರಿಸಲು ಯಾರಿಗೂ ಬರುತ್ತೆ," ಮಿಸ್ ಅನ್ನುತ್ತಾರೆ,
"ಅಂಗೈಯಿಟ್ಟು ನಿಲ್ಲಿಸೋದನ್ನ ಕಲಿ."

ಆಗಸ್ಟಿನಲ್ಲಿ ಸ್ಪರ್ಧೆ. ಟೌನ್ ಹಾಲ್. ಬಾಡಿಗೆಯ ಕೆಂಪು ಅಂಗಿ,
ಕಾಲರ್ ಕತ್ತು ಕೊರೆಯುತ್ತಿತ್ತು.
ನಲವತ್ತೊಂದರಲ್ಲಿ ಟಣ್ಣೆಂದು ತಂತಿ ಹರಿಯಿತು.
ಹುಯಿಲಿನ್ ತಲೆ ಎತ್ತದೆ ಉಳಿದವುಗಳಲ್ಲೇ ದಾರಿ ಮಾಡಿಕೊಂಡಳು,
ನನ್ನ ಲೆಕ್ಕ ಮಾತ್ರ ಚೆಲ್ಲಾಪಿಲ್ಲಿ.
ನಲವತ್ತಮೂರೋ? ನಲವತ್ತೈದೋ?
ಆಗ ಪಕ್ಕದಿಂದ ಮೂಗಿನ ಪಿಸುದನಿ, ಒತ್ತೆಲ್ಲ ಉದುರಿ:
"ನಲವತಾರು. ನಲವತೇಲು. ನಲವತೆಂಟು."
ಕ್ಯಾಲಮ್.
ಎರಡು ಟರ್ಮ್ ಪಕ್ಕದಲ್ಲಿ ನಿಂತು
ನನ್ನ ಬಾಯಿಂದ ಕದ್ದಿದ್ದ, ಉಜ್ಜಿ ತೊಳೆಯದೆ ಇಟ್ಟುಕೊಂಡಿದ್ದ.

ಐವತ್ತೊಂದು. ಐವತ್ತೆರಡು.
ಹೊಡೆದೆ.
ಹೌದಾ? ಎಂದು ಹಾಲಿನ ಮಾಡಿನವರೆಗೂ ಹೋಯಿತು ದನಿ.
ಅಂಗೈ ಇಡುವುದು ಒಂಚೂರು ತಡವಾಯಿತು,
ಬೇಕೆಂದೇ.

ಮೂರನೇ ಬಹುಮಾನ, ಬಂದದ್ದೇ ನಾಲ್ಕು ತಂಡ.
ಬಸ್ಸಿನಲ್ಲಿ ಡಿಮಿತ್ರಿಯ ಬೆರಳ ವಾಸನೆಗೆ ಎಲ್ಲರೂ ಕಿಟಕಿ ತೆಗೆದರು.
ಕ್ಯಾಲಮ್ ಮಂಡಿ ನೀವಿಕೊಳ್ಳುತ್ತಾ ಕೇಳಿದ,
"ಅದು ಚೈನೀಸ್ ತಾನೇ?
ಐವತೆರಡಾದ ಮೇಲೆ ಏನು?"

ಐವತ್ತಮೂರು, ಅಂದೆ.
ಅಷ್ಟು ದೂರ ನಾನೂ ಬಾಯಿಬಿಟ್ಟು ಎಣಿಸಿರಲಿಲ್ಲ.